ಪಕ್ಕದ ಮನೆ ಮಹಡಿಯ ನೆರಳು ನಮ್ಮ ಸೋಲಾರ್ ಮೇಲೆ ಬಿದ್ದರೆ ಕೇಸ್ ಹಾಕಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಊರು ಧಾರವಾಡ. ಎರಡು ವರ್ಷದ ಹಿಂದೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ನಮ್ಮ ದಕ್ಷಿಣಕ್ಕಿರುವ ಮನೆಯವರು ಈಗ ಇನ್ನೊಂದು ಮಹಡಿ ಏರಿಸುತ್ತಿದ್ದಾರೆ. ಕಾಲಂ ಎದ್ದು ನಿಂತಿವೆ. ಪ್ಯಾನೆಲ್ ಮೇಲೆ ನೆರಳು ಬೀಳುವುದು ಖಂಡಿತ. ನನ್ನ ಮಗ "ಇಪ್ಪತ್ತು ವರ್ಷ ಬೆಳಕು ಅನುಭವಿಸಿದವರಿಗೆ ಹಕ್ಕು ಬರುತ್ತದೆ, ನಮ್ಮ ಮನೆ ಕಟ್ಟಿ 27 ವರ್ಷ ಆಯ್ತು, ಸ್ಟೇ ತರೋಣ" ಅನ್ನುತ್ತಾನೆ. ನಮ್ಮ ಮನೆಯವರಿಗೆ ಒಂದೇ ಓಣಿಯಲ್ಲಿದ್ದುಕೊಂಡು ಕೋರ್ಟು ಹತ್ತುವುದು ಇಷ್ಟವಿಲ್ಲ. ಯಾರು ಹೇಳುವುದು ಸರಿ? ಇನ್ನೂ ಮೂರು ಸಂಶಯ ಇವೆ. ಕರೆಂಟ್ ಹೋದಾಗ ಬಿಸಿಲಿದ್ದರೂ ಸೋಲಾರ್ ಯಾಕೆ ನಿಲ್ಲುತ್ತದೆ? ಮೊಬೈಲ್ ಆಪ್‌ನಲ್ಲಿ 360 ಯೂನಿಟ್ ತೋರಿಸಿದ ತಿಂಗಳು ಬಿಲ್ಲಿನಲ್ಲಿ 260 ಮಾತ್ರ ಇತ್ತು, ನೂರು ಯೂನಿಟ್ ಎಲ್ಲಿ ಹೋಯಿತು? ಹೆಚ್ಚಾದ ಕರೆಂಟನ್ನು ಮೇಲಿನ ಬಾಡಿಗೆಯವರಿಗೆ ಕೊಡಬಹುದೇ?

ಉತ್ತರ: ಅಕ್ಕೋರೇ, ನಿಮ್ಮ ಮಗ ಹೇಳುವ ಕಾನೂನು ಇದೆ. ಆದರೆ ಅದು ನಿಮ್ಮ ಪ್ಯಾನೆಲ್‌ಗೆ ಅನ್ವಯಿಸುವುದಿಲ್ಲ. ಹಾಗಂತ ನಿಮ್ಮ ಯಜಮಾನರ ಮಾತು ಕೇಳಿ ಸುಮ್ನೆ ಕೂರಬೇಕಾಗಿಯೂ ಇಲ್ಲ. ಪಕ್ಕದ ಮನೆಯ ಸ್ಲ್ಯಾಬ್ ಬೀಳುವ ಮೊದಲೇ ಮಾಡಬೇಕಾದ ಕೆಲಸ ಒಂದೆರಡಿವೆ. ನಾನು ಮೂಲತಃ ಟೆರೇಸ್ ಮೇಲೆ ಟೇಪು ಹಿಡಿದು ಓಡಾಡುವ ಎಂಜಿನಿಯರ್. ಕಾಯ್ದೆ ಪುಸ್ತಕ ತೆರೆದದ್ದು ಇಂಥ ಜಗಳಗಳ ದೆಸೆಯಿಂದಲೇ.

ಮೊದಲು ಮಗ ಹೇಳಿದ ಹಕ್ಕು ನೋಡೋಣ. ಅದು 1882ರ ಈಸ್‌ಮೆಂಟ್ (ಬೇರೆಯವರ ಜಾಗದ ಮೇಲೆ ನಮ್ಮ ಆಸ್ತಿಗಿರುವ ಅನುಭೋಗದ ಹಕ್ಕು) ಕಾಯ್ದೆಯ 15ನೇ ಸೆಕ್ಷನ್. ಒಂದು ಕಟ್ಟಡಕ್ಕೆ ಬೆಳಕು, ಗಾಳಿ 20 ವರ್ಷ ತಡೆಯಿಲ್ಲದೆ ಬರುತ್ತಿದ್ದರೆ ಅದು ಗಟ್ಟಿ ಹಕ್ಕಾಗುತ್ತದೆ ಎಂದು ಅದು ಹೇಳುತ್ತದೆ. ಆ ಬೆಳಕಿಗೆ ತಡೆ ಬಿದ್ದು, ದಾವೆ ಹೂಡುವ ಹೊತ್ತಿಗೆ ಎರಡು ವರ್ಷಕ್ಕಿಂತ ಜಾಸ್ತಿ ದಾಟಿರಬಾರದು. ಅಂದರೆ ಬೆಳಕು ನಿಂತ ಮೇಲೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಹೋದರೆ ಆಗುವುದಿಲ್ಲ. ಇಲ್ಲಿಯವರೆಗೆ ಮಗನ ಮಾತು ಸರಿ.

ಮುಂದೆ ಓದಿದರೆ ತೊಡಕು ಕಾಣುತ್ತದೆ. ಈ ಹಕ್ಕು ಎಷ್ಟರ ಮಟ್ಟಿಗೆ ಎಂದು 28ನೇ ಸೆಕ್ಷನ್ ಹೇಳುತ್ತದೆ. ಅಲ್ಲಿ ಅಳತೆಗೋಲು ಕಿಟಕಿ, ಬಾಗಿಲು ಅಥವಾ ಬೇರೆ ತೆರವು. ಅದರ ಮೂಲಕ ಒಳಗೆ ಎಷ್ಟು ಬೆಳಕು ಬರುತ್ತಿತ್ತೋ ಅಷ್ಟು. ಟೆರೇಸ್ ಮೇಲೆ ಕಬ್ಬಿಣದ ಕಾಲಿನ ಮೇಲೆ ನಿಂತ ಪ್ಯಾನೆಲ್ ಕಿಟಕಿಯೂ ಅಲ್ಲ, ಬಾಗಿಲೂ ಅಲ್ಲ. ತೆರೆದ ಜಾಗದ ನೆಲಕ್ಕೆ ಬೀಳುವ ಬೆಳಕಿನ ಮೇಲೆ ಇಂಥ ಹಕ್ಕು ಹುಟ್ಟುವುದೇ ಇಲ್ಲ ಎಂದು 17ನೇ ಸೆಕ್ಷನ್ ಬೇರೆ ಹೇಳುತ್ತದೆ. ನಷ್ಟ ಕೇಳುವ ವಿಷಯದಲ್ಲಿ 33ನೇ ಸೆಕ್ಷನ್ ನೋಡುವುದು ಮನೆಯೊಳಗೆ ಇರುವವರಿಗೆ ಆಗುವ ತೊಂದರೆ ಎಷ್ಟು, ನಿಮ್ಮ ಆಸ್ತಿಯ ಬೆಲೆಗೆ ಪೆಟ್ಟು ಬಿತ್ತೇ ಅನ್ನುವುದನ್ನು. ಇದೆಲ್ಲ ಎಣ್ಣೆ ದೀಪದ ಕಾಲದಲ್ಲಿ ಬರೆದ ಮಾತು. ಬಿಸಿಲನ್ನು ಯೂನಿಟ್ ಲೆಕ್ಕದಲ್ಲಿ ಅಳೆಯುವ ಕಾಲ ಬರುತ್ತದೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಇನ್ನು 20 ವರ್ಷದ ಮಾತು. ಮನೆಗೆ 27 ವರ್ಷ ಆಗಿರಬಹುದು, ಆದರೆ ಪ್ಯಾನೆಲ್‌ಗೆ ಆಗಿರುವುದು ಎರಡೇ ವರ್ಷ.

ಒಂದು ವಿಷಯ ಮಾತ್ರ ಬೇರೆಯಾಗಿ ನೋಡಿ. ದಕ್ಷಿಣಕ್ಕೆ ನಿಮ್ಮ ಅಡುಗೆಮನೆ ಕಿಟಕಿ ಇದ್ದು, ಹೊಸ ಗೋಡೆಯಿಂದ ಹಗಲಲ್ಲೂ ಲೈಟ್ ಹಾಕುವ ಪರಿಸ್ಥಿತಿ ಬಂದರೆ ಅದು ಗಟ್ಟಿ ಕೇಸ್. ಆಗ 27 ವರ್ಷದ ಲೆಕ್ಕವೂ ಕೆಲಸಕ್ಕೆ ಬರುತ್ತದೆ. ಆದರೆ ಅದು ಕಿಟಕಿಯ ಕೇಸ್, ಸೋಲಾರ್ ಕೇಸ್ ಅಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಗಟ್ಟಿ ಇರುವುದೂ ತೆಳ್ಳಗಾಗುತ್ತದೆ.

ಈ ಜಗಳ ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸೋಲಾರ್ ಹಾಕಿಸಿಕೊಂಡಿದ್ದ ಪ್ರಾ ಎಂಬುವರು, ಪಕ್ಕದಲ್ಲಿ ಮನೆ ಕಟ್ಟಲು ಹೊರಟ ಮರೆಟ್ಟಿ ಎಂಬುವರ ಮೇಲೆ ದಾವೆ ಹೂಡಿದ್ದರು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ "ಇಂಥ ದಾವೆ ಹೂಡಲು ಅವಕಾಶ ಇದೆ, ವಿಚಾರಣೆ ನಡೆಯಲಿ" ಎಂದು ವಾಪಸ್ ಕಳಿಸಿತು. ಪ್ರಾ ಗೆದ್ದರು ಎಂದು ಆ ತೀರ್ಪು ಹೇಳಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1978ರಿಂದಲೇ ಸೋಲಾರ್ ನೆರಳಿನ ಕಾಯ್ದೆ ಇದೆ. ಅದೂ ಹಿಡಿಯುವುದು ಪಕ್ಕದವರ ಗಿಡಮರಗಳನ್ನು, ಕಟ್ಟಡವನ್ನಲ್ಲ. ತನ್ನ ಜಾಗದಲ್ಲಿ ಮನೆ ಕಟ್ಟುವವನ ಕೈ ಹಿಡಿಯಲು ಅಲ್ಲಿನ ಕಾನೂನಿಗೂ ಅಷ್ಟು ಸುಲಭವಾಗಿ ಮನಸ್ಸು ಬರುವುದಿಲ್ಲ. ನಮ್ಮಲ್ಲಂತೂ ಸೋಲಾರ್‌ಗೆಂದೇ ಮಾಡಿದ ಅಂಥ ಕಾಯ್ದೆ ಇಲ್ಲ.

ಹಾಗಿದ್ದರೆ ಕೈಯಲ್ಲಿ ಏನಿದೆ? ಸೆಟ್‌ಬ್ಯಾಕ್ ಇದೆ, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಲೇಬೇಕಾದ ಜಾಗ. ಪಕ್ಕದವರು ಮಹಾನಗರ ಪಾಲಿಕೆಯಿಂದ ಪಡೆದ ಪ್ಲ್ಯಾನ್‌ನಲ್ಲಿ ನಿಮ್ಮ ಕಡೆ ಎಷ್ಟು ಜಾಗ ಬಿಡಬೇಕು, ಎಷ್ಟು ಮಹಡಿಗೆ ಪರವಾನಗಿ ಇದೆ ಎಂದು ಬರೆದಿರುತ್ತದೆ. ಕಟ್ಟುತ್ತಿರುವುದು ಅದಕ್ಕೆ ಹೊಂದುತ್ತದೆಯೇ ನೋಡಿ. ಪ್ಲ್ಯಾನ್ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನದ ಗಡುವು ಇದೆ. ಪ್ಲ್ಯಾನ್ ಮೀರಿ ಕಟ್ಟುತ್ತಿದ್ದರೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಸೆಕ್ಷನ್ ಪ್ರಕಾರ ಆಯುಕ್ತರು ನೋಟಿಸ್ ಕೊಟ್ಟು ಕೆಲಸ ನಿಲ್ಲಿಸಬಹುದು, ತೆಗೆಸಲೂಬಹುದು. ಇಲ್ಲಿ ಸೋಲಾರ್ ಸುದ್ದಿಯೇ ಬೇಕಾಗಿಲ್ಲ. ಆದರೆ ದೂರು ಕೊಡುವ ಮುಂಚೆ ನಿಮ್ಮ ಮನೆಯ ಸೆಟ್‌ಬ್ಯಾಕ್ ಸರಿಯಾಗಿದೆಯೇ ಎಂದು ಒಮ್ಮೆ ಟೇಪು ಹಿಡಿಯಿರಿ. ನಿಮ್ಮ ಅರ್ಜಿ ಹೋದ ಮರುದಿನ ಅವರದೂ ಒಂದು ಹೋಗುತ್ತದೆ, ಅಲ್ವಾ?

ಈಗ ನನ್ನ ಕಸುಬಿಗೆ ಬರುತ್ತೇನೆ. ಕೋರ್ಟು, ಪಾಲಿಕೆ ಎಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ನೆರಳು ನಿಜವಾಗಿ ಎಷ್ಟು ದೂರ ಬರುತ್ತದೆ? ಬಹಳ ಜನ ಇದನ್ನು ಅಳೆಯುವುದೇ ಇಲ್ಲ. ಗೋಡೆ ಎದ್ದಿತು ಅಂದರೆ ಸೋಲಾರ್ ಸತ್ತಿತು ಅಂದುಕೊಳ್ಳುತ್ತಾರೆ.

ಧಾರವಾಡ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದಕ್ಷಿಣದ ಗೋಡೆಯ ನೆರಳು ಅತಿ ಉದ್ದ ಬರುವುದು ಡಿಸೆಂಬರ್ 21ರ ಆಸುಪಾಸಿನಲ್ಲಿ. ಆಗಲೂ ಮಧ್ಯಾಹ್ನ ಸೂರ್ಯ 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಧ್ಯಾಹ್ನ ಅಂದರೆ ಗಡಿಯಾರದ ಹನ್ನೆರಡಲ್ಲ. ನಿಮ್ಮ ಊರಿನಲ್ಲಿ ಅದು ಹನ್ನೆರಡೂವರೆ ಹೊತ್ತಿಗೆ. ಲೆಕ್ಕ ಹಾಕಿದರೆ ಪ್ಯಾನೆಲ್ ಮಟ್ಟಕ್ಕಿಂತ 10 ಅಡಿ ಎತ್ತರದ ಗೋಡೆ ಆ ಹೊತ್ತಿನಲ್ಲಿ ಉತ್ತರಕ್ಕೆ 8 ಅಡಿ ನೆರಳು ಚಾಚುತ್ತದೆ. ಬೆಳಗ್ಗೆ ಒಂಬತ್ತೂವರೆಗೆ, ಹಾಗೆಯೇ ಮಧ್ಯಾಹ್ನ ಮೂರೂವರೆಗೆ, ಹತ್ತೂವರೆ ಅಡಿ. ಬೆಳಗ್ಗೆ ಎಂಟೂವರೆಗೆ 15 ಅಡಿ. ಬಾಯಿಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಗೋಡೆ ಎಷ್ಟು ಎತ್ತರವೋ ಅದರ ಒಂದೂವರೆ ಪಟ್ಟು ದೂರದಲ್ಲಿ ಪ್ಯಾನೆಲ್ ಇದ್ದರೆ ವರ್ಷದ ಅತಿ ಕೆಟ್ಟ ದಿನವೂ ಬೆಳಗ್ಗೆ ಎಂಟೂವರೆಯಿಂದ ಸಂಜೆ ಸುಮಾರು ನಾಲ್ಕೂವರೆವರೆಗೆ ನೆರಳಿಲ್ಲ. ಅದಕ್ಕೂ ಮುಂಚೆ ಅಥವಾ ಆಮೇಲೆ ಪ್ಯಾನೆಲ್ ಕೊಡುವ ಕರೆಂಟ್ ಏನೂ ದೊಡ್ಡದಲ್ಲ.

ಫೆಬ್ರುವರಿ 20ರ ಹೊತ್ತಿಗೆ ಅದೇ ಗೋಡೆಯ ಮಧ್ಯಾಹ್ನದ ನೆರಳು 5 ಅಡಿಗೆ ಇಳಿಯುತ್ತದೆ. ಮಾರ್ಚ್ 21ಕ್ಕೆ 3 ಅಡಿಗೂ ಕಡಿಮೆ. ಜೂನ್ ತಿಂಗಳಲ್ಲಿ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಹೋಗಿರುತ್ತಾನೆ. ಆಗ ದಕ್ಷಿಣದ ಗೋಡೆಯಿಂದ ಮಧ್ಯಾಹ್ನ ನಿಮಗೆ ನೆರಳೇ ಇಲ್ಲ. ಅದೇ ಮನೆ ನಿಮ್ಮ ಉತ್ತರಕ್ಕೆ ಇದ್ದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಪಶ್ಚಿಮಕ್ಕೆ ಇದ್ದಿದ್ದರೆ ಸಂಜೆಯ ಪಾಲು ಹೋಗುತ್ತಿತ್ತು.

ಅಳೆಯುವಾಗ ಪ್ಯಾರಾಪೆಟ್ ಮರೆಯಬೇಡಿ. ಮಹಡಿ 10 ಅಡಿ, ಪ್ಯಾರಾಪೆಟ್ 3 ಅಡಿ, ಒಟ್ಟು 13. ನಿಮ್ಮ ಪ್ಯಾನೆಲ್ ಟೆರೇಸಿನಿಂದ 3 ಅಡಿ ಮೇಲಿದ್ದರೆ ಲೆಕ್ಕಕ್ಕೆ ಸಿಗುವ ಎತ್ತರ 10 ಅಡಿ.

ಈಗ ಕೆಟ್ಟದ್ದನ್ನೇ ಹಿಡಿಯೋಣ. ನಿಮ್ಮ ಮುಂದಿನ ಸಾಲು ಅವರ ಗೋಡೆಯಿಂದ ಬರೀ 6 ಅಡಿ ದೂರ ಇದೆ ಅನ್ನಿ. ನವೆಂಬರ್ ಮೊದಲ ವಾರದಿಂದ ಫೆಬ್ರುವರಿ ಮೊದಲ ವಾರದವರೆಗೆ, ಸುಮಾರು ಮೂರು ತಿಂಗಳು, ನಟ್ಟ ನಡು ಮಧ್ಯಾಹ್ನವೂ ಆ ಸಾಲಿನ ಕೆಳಭಾಗಕ್ಕೆ ನೆರಳು ತಾಗುತ್ತದೆ. 3 ಕಿಲೋವ್ಯಾಟ್ ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ. ಅದರಲ್ಲಿ 4 ಹೋಯಿತು ಅಂದುಕೊಳ್ಳಿ. ತೊಂಬತ್ತು ದಿನಕ್ಕೆ 360 ಯೂನಿಟ್. ಅಕ್ಟೋಬರ್, ಫೆಬ್ರುವರಿಯ ಬೆಳಗು ಸಂಜೆಯದೂ ಸೇರಿಸಿ ಧಾರಾಳವಾಗಿ 500 ಮಾಡೋಣ. ಯೂನಿಟ್‌ಗೆ 6 ರೂಪಾಯಿಯಂತೆ ವರ್ಷಕ್ಕೆ 3,000 ರೂಪಾಯಿ. ವಕೀಲರ ಮೊದಲ ಫೀಸಿಗೂ ಇದು ಸಾಲುವುದಿಲ್ಲ. ಮಗನಿಗೆ ಈ ಲೆಕ್ಕ ತೋರಿಸಿ.

ನೆರಳು ಪೂರ್ತಿ ಬಿದ್ದರಷ್ಟೇ ನಷ್ಟ ಅಂತಲೂ ತಿಳಿಯಬೇಡಿ. ಒಂದೇ ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಿದ್ದಂತೆ. ಒಂದು ಸೋತರೆ ಉಳಿದವೂ ಎಳೆಯಲಾರವು. ಅದಕ್ಕೇ ಪ್ಯಾನೆಲ್ ಹಿಂದಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳಾದ ಭಾಗವನ್ನು ಬಿಟ್ಟು ಕರೆಂಟ್ ಮುಂದೆ ಹೋಗುತ್ತದೆ. ನಿಮ್ಮದು ಎರಡು ವರ್ಷದ ಹಿಂದಿನದಾದ್ದರಿಂದ ಬಹುಶಃ ಹಾಫ್ ಕಟ್ ಪ್ಯಾನೆಲ್. ಅದರ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ ಕಾಣುತ್ತದೆ. ಗೆರೆಯ ಕೆಳಗೆ ನೆರಳಿದ್ದರೂ ಮೇಲಿನ ಅರ್ಧ ಕೆಲಸ ಮಾಡುತ್ತದೆ. ಆದ್ದರಿಂದ ಪ್ಯಾನೆಲ್ ಉದ್ದಕ್ಕೆ ನಿಂತಿದ್ದರೆ ಕೆಳಗಿನಿಂದ ಬರುವ ನೆರಳು ಅರ್ಧವನ್ನಷ್ಟೇ ತಿನ್ನುತ್ತದೆ.

ಇದನ್ನು ಹೇಳದೆ ಮುಂದೆ ಹೋಗಲಾರೆ: ಪಕ್ಕದ ಮನೆಯ ಮೇಲೆ ಜಗಳಕ್ಕೆ ನಿಂತವರ ಟೆರೇಸಿಗೆ ಹೋಗಿ ನೋಡಿದರೆ, ಎಷ್ಟೋ ಕಡೆ ನೆರಳು ಹಾಕುತ್ತಿರುವುದು ಅವರದೇ ಸಿಂಟೆಕ್ಸ್ ಟ್ಯಾಂಕ್, ಅವರದೇ ಮೆಟ್ಟಿಲಿನ ಹೆಡ್‌ರೂಮ್, ಇಲ್ಲವೇ ಡಿಶ್ ಆಂಟೆನಾ. ಇವು ದಿನವೂ ಪ್ಯಾನೆಲ್‌ಗೆ ಮೂರ್ನಾಲ್ಕು ಅಡಿ ಹತ್ತಿರದಲ್ಲಿ ನಿಂತಿರುತ್ತವೆ. ನೀವೂ ಒಮ್ಮೆ ಹತ್ತು ಗಂಟೆಗೆ ಮೇಲೆ ಹೋಗಿ ನೋಡಿ.

ಇನ್ನು ಪಕ್ಕದವರ ಹತ್ತಿರ ಮಾತು. ಮಹಡಿ ಬೇಡ ಅನ್ನಬೇಡಿ, ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕೇಳಬೇಕಾದದ್ದು ಎರಡೇ. ಅವರ ನೀರಿನ ಟ್ಯಾಂಕ್ ಮತ್ತು ಹೆಡ್‌ರೂಮ್ ನಿಮ್ಮ ಕಡೆಯ ಅಂಚಿಗೆ ಬೇಡ, ದಕ್ಷಿಣದ ಅಂಚಿಗೆ ಹಾಕಲಿ. ಇವೇ ಗೋಡೆ ಮೇಲೆ ಇನ್ನೂ ಏಳೆಂಟು ಅಡಿ ಏರಿಸುವಂಥವು. ಎರಡನೆಯದು, ನಿಮ್ಮ ಕಡೆಯ ಪ್ಯಾರಾಪೆಟ್ ಅನ್ನು ಪೂರ್ತಿ ಗೋಡೆ ಮಾಡದೆ ಕೆಳಗೆ ಒಂದು ಅಡಿ ಕಟ್ಟಿ ಮೇಲೆ ಪೈಪ್ ರೇಲಿಂಗ್ ಹಾಕಲಿ. ಅಲ್ಲೇ ಡಿಸೆಂಬರ್ ನೆರಳು ಒಂದೂವರೆ ಅಡಿ ಹಿಂದೆ ಸರಿಯುತ್ತದೆ. ರೇಲಿಂಗ್ ಖರ್ಚು ನಿಮ್ಮದೇ ಎಂದು ಹೇಳಿದರೂ ನಷ್ಟವಿಲ್ಲ. ಕಾಲಂ ಹಂತದಲ್ಲಿ ಇದೆಲ್ಲ ಒಂದು ಮಾತಿನ ಕೆಲಸ. ಟ್ಯಾಂಕಿನ ಪೈಪ್ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ. ಮುಂದೆ ಇನ್ನೂ ಮೇಲೇರಿಸುವ ಭಯ ಇದ್ದು, ಅವರೂ ಮನಸ್ಸಿನಿಂದ ಒಪ್ಪಿದರೆ, "ಉತ್ತರದ ಅಂಚಿನಲ್ಲಿ ಇಷ್ಟು ಎತ್ತರ ಮೀರಿ ಕಟ್ಟುವುದಿಲ್ಲ" ಎಂದು ಪತ್ರ ಮಾಡಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ತಾನಾಗಿ ಹುಟ್ಟದ ಹಕ್ಕನ್ನು ಒಪ್ಪಂದದಿಂದ ಪಡೆಯಲು ಅದೇ ಈಸ್‌ಮೆಂಟ್ ಕಾಯ್ದೆ ಅವಕಾಶ ಕೊಡುತ್ತದೆ. ನೋಂದಣಿ ಇಲ್ಲದ ಬಾಂಡ್ ಪೇಪರ್ ಆ ಮನೆ ಮಾರಿದ ದಿನ ಬರೀ ಕಾಗದ.

ಅಷ್ಟಾಗಿಯೂ ನೆರಳು ಉಳಿದರೆ ಮುಂದಿನ ಸಾಲನ್ನು ಉತ್ತರಕ್ಕೆ ಸರಿಸಿ, ಇಲ್ಲವೇ ಸ್ಟ್ರಕ್ಚರ್ ಎತ್ತರಿಸಿ. 3 ಅಡಿ ಎತ್ತರಿಸಿದರೆ ಡಿಸೆಂಬರ್ ಮಧ್ಯಾಹ್ನದ ನೆರಳು ಸುಮಾರು ಎರಡೂವರೆ ಅಡಿ ಹಿಂದಕ್ಕೆ ಹೋಗುತ್ತದೆ. ಆದರೆ ನಿಮ್ಮೂರಿನ ಆಷಾಢದ ಗಾಳಿ ನೆನಪಿರಲಿ. ಒಂದೊಂದು ಪ್ಯಾನೆಲ್ ಇಪ್ಪತ್ತೈದು ಚದರ ಅಡಿಗೂ ದೊಡ್ಡದು, ಎತ್ತರಿಸಿದಷ್ಟೂ ಗಾಳಿಗೆ ಹಾಯಿ ಕೊಟ್ಟಂತೆ. ಅಡ್ಡ ಪಟ್ಟಿ, ಕಾಂಕ್ರೀಟ್ ಪಾದ ಎರಡೂ ಬೇಕು. ಸ್ಲ್ಯಾಬ್ ಕೊರೆದು ಸೋರಿಕೆ ತಂದುಕೊಳ್ಳಬೇಡಿ. ಕೆಲಸವನ್ನು ಮೊದಲು ಹಾಕಿದವರ ಕೈಯಲ್ಲೇ ಮಾಡಿಸಿ. ಯೋಜನೆಯಲ್ಲಿ ಐದು ವರ್ಷದ ನಿರ್ವಹಣೆ ಅವರ ಜವಾಬ್ದಾರಿ. ಬೇರೆಯವರು ಬೋಲ್ಟ್ ಬಿಚ್ಚಿದರೆ ಆಮೇಲೆ ವಾರಂಟಿ ಮಾತಾಡುವುದು ಕಷ್ಟ. ಸರಿಸಿದ ಮೇಲೆ ಅರ್ಥಿಂಗ್ ತಂತಿ ಮತ್ತೆ ಜೋಡಿಸಿದ್ದಾರೆಯೇ ಎಂದು ನಿಂತು ನೋಡಿ. ಅದನ್ನೇ ಬಹಳ ಸಲ ಮರೆಯುತ್ತಾರೆ.

ಕರೆಂಟ್ ಹೋದಾಗ ಸೋಲಾರ್ ನಿಲ್ಲುವುದು ಮೋಸವಲ್ಲ. ಅದು ಲೈನ್‌ಮ್ಯಾನ್ ಜೀವ ಉಳಿಸುವ ವ್ಯವಸ್ಥೆ. ಓಣಿಯ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಲೈನ್ ತೆಗೆದು ಕೆಲಸ ಮಾಡುತ್ತಿರುವಾಗ ನಿಮ್ಮ ಮನೆಯಿಂದ ಕರೆಂಟ್ ಹಿಂದಕ್ಕೆ ಹರಿದರೆ, ಅದೇ ಟಿಸಿ ಅದನ್ನು 11,000 ವೋಲ್ಟ್‌ಗೆ ಏರಿಸಿಬಿಡುತ್ತದೆ. ಆದ್ದರಿಂದ ಹೊರಗಿನ ಲೈನ್ ಸತ್ತ ಕೂಡಲೇ ಸೋಲಾರ್ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ತಾನೂ ನಿಲ್ಲಲೇಬೇಕು. ಇದಕ್ಕೆ ಐಎಸ್ 16169 ಎಂಬ ಪರೀಕ್ಷೆಯೇ ಇದೆ. ನಿಮಗೆ ಫ್ಯಾನು, ಲೈಟಿಗೆ ಬೇಕಾದರೆ ಹಳೆಯ ಯುಪಿಎಸ್ ಬ್ಯಾಟರಿ ಇಟ್ಟುಕೊಳ್ಳುವುದೇ ಅಗ್ಗ. ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿ ಹಾಕಿಸಬಹುದು, ಆದರೆ ಸಬ್ಸಿಡಿ ಲೆಕ್ಕ ಪ್ಯಾನೆಲ್ ಕಿಲೋವ್ಯಾಟಿಗೆ, ಬ್ಯಾಟರಿಗೆ ಅಲ್ಲ. ಕೆಲವು ಎಲೆಕ್ಟ್ರಿಷಿಯನ್‌ಗಳು ಯುಪಿಎಸ್ ಕರೆಂಟನ್ನು ಸೋಲಾರ್ ಇನ್ವರ್ಟರ್‌ಗೆ ತೋರಿಸಿ ಅದನ್ನು ಎಬ್ಬಿಸುವ ಉಪಾಯ ಹೇಳುತ್ತಾರೆ. ಬೇಡವೇ ಬೇಡ. ಬಳಸದ ಕರೆಂಟ್ ಯುಪಿಎಸ್ ಒಳಕ್ಕೇ ನುಗ್ಗಿ ಬ್ಯಾಟರಿ ಸುಟ್ಟುಕೊಳ್ಳುತ್ತೀರಿ.

ಕಾಣೆಯಾದ ನೂರು ಯೂನಿಟ್ ನಿಮ್ಮ ಮನೆಯಲ್ಲೇ ಇದೆ. ಆಪ್ ತೋರಿಸುವುದು ಪ್ಯಾನೆಲ್ ಮಾಡಿದ ಒಟ್ಟು ಕರೆಂಟ್, 360. ಬಿಸಿಲಿದ್ದಾಗ ಓಡಿದ ಮಿಕ್ಸರ್, ಫ್ರಿಜ್, ನೀರೆತ್ತುವ ಮೋಟರ್ ಅದರಲ್ಲಿ 100 ತಿಂದವು. ಅದು ಮೀಟರ್ ತನಕ ಹೋಗಲೇ ಇಲ್ಲ. ಉಳಿದ 260 ಹೊರಗೆ ಹೋಯಿತು, ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ ಎಂದು ಬಂತು. ರಾತ್ರಿ ನೀವು ಲೈನಿನಿಂದ ತೆಗೆದುಕೊಂಡದ್ದು ಇಂಪೋರ್ಟ್. ಅದು 210 ಆಗಿದ್ದರೆ 50 ಯೂನಿಟ್ ನಿಮಗೇ ಬಾಕಿ, ನಿಮ್ಮ 25 ವರ್ಷದ ಒಪ್ಪಂದಪತ್ರದಲ್ಲಿರುವ ದರಕ್ಕೆ. ಆ ಪತ್ರ ಹುಡುಕಿ ಇಟ್ಟುಕೊಳ್ಳಿ. ಇಷ್ಟಾದರೂ ಬಿಲ್ಲಿನಲ್ಲಿ ಒಂದು ಮೊತ್ತ ಇದ್ದೇ ಇರುತ್ತದೆ. ಅದು ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ. ಸೋಲಾರ್ ಅದನ್ನು ಮುಟ್ಟುವುದಿಲ್ಲ.

ಲೆಕ್ಕವೇ ತಪ್ಪಿದ್ದರೆ ಬಿಡಬೇಡಿ. ಬಿಸಿಲಿನ ವಿಷಯದಲ್ಲಿ ನಿಮಗೆ ಕೈಕೊಡುವ ಕಾನೂನು ಇಲ್ಲಿ ಪೂರ್ತಿ ನಿಮ್ಮ ಕಡೆ ಇದೆ. ಮೊದಲು ಹೆಸ್ಕಾಂ ಸೆಕ್ಷನ್ ಆಫೀಸಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಗದಿದ್ದರೆ 2003ರ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಪ್ಯಾನೆಲ್ ಹೆಚ್ಚಿಸಬೇಕೆಂದರೂ ಈಗ ಸಲೀಸು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಮಾಡಿದ ತಿದ್ದುಪಡಿಯ ನಂತರ 10 ಕಿಲೋವ್ಯಾಟ್‌ವರೆಗಿನ ಅರ್ಜಿಯನ್ನು, ಕ್ರಮಬದ್ಧವಾಗಿದ್ದರೆ, ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿದಂತೆ ಎಂದು ಭಾವಿಸಬೇಕು. ಆದರೆ ಸಬ್ಸಿಡಿ 3 ಕಿಲೋವ್ಯಾಟಿಗೆ 78,000 ರೂಪಾಯಿಗೇ ನಿಲ್ಲುತ್ತದೆ.

ಬಾಡಿಗೆಯವರ ವಿಷಯ. ಅವರಿಗೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ ಇದ್ದರೆ ನಿಮ್ಮ ಮೀಟರ್ ಕಡೆಯಿಂದ ವೈರ್ ಎಳೆಯಬೇಡಿ. ಒಂದು ಸ್ಥಾವರಕ್ಕೆ ಕೊಟ್ಟ ಕರೆಂಟನ್ನು ಇನ್ನೊಂದಕ್ಕೆ ಬಳಸುವುದು ಅದೇ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್‌ನಲ್ಲಿ ಅನಧಿಕೃತ ಬಳಕೆ ಆಗುತ್ತದೆ. ದುಡ್ಡು ತೆಗೆದುಕೊಂಡರೆ ಪರವಾನಗಿ ಇಲ್ಲದೆ ಕರೆಂಟ್ ಮಾರಿದ ಪ್ರಶ್ನೆಯೂ ಏಳುತ್ತದೆ. "ಬಿಸಿಲು ನಂದು, ಪ್ಯಾನೆಲ್ ನಂದು" ಎಂಬ ವಾದ ಅಲ್ಲಿ ನಡೆಯುವುದಿಲ್ಲ, ಯಾಕೆಂದರೆ ಆ ವೈರಿನಲ್ಲಿ ರಾತ್ರಿ ಹರಿಯುವುದು ಲೈನಿನ ಕರೆಂಟೇ. ಅಷ್ಟಕ್ಕೂ ಅವರನ್ನೇ ಒಮ್ಮೆ ಕೇಳಿ ನೋಡಿ. ಇಬ್ಬರೇ ಇರುವ ಮನೆ ಅಂದರೆ ತಿಂಗಳಿಗೆ 200 ಯೂನಿಟ್ ದಾಟುವುದು ಕಷ್ಟ. ಗೃಹಜ್ಯೋತಿಯಲ್ಲಿ ಅವರಿಗೆ ಸೊನ್ನೆ ಬಿಲ್ ಬರುತ್ತಿದ್ದರೆ ನಿಮ್ಮ ವೈರ್ ಅವರಿಗೆ ಯಾಕೆ ಬೇಕು?